ಕಾಲುವೆ ದಂಡೆಯ ಮೇಲೆ ಓಡಿದ ಇಬ್ಬರು ಹೆಂಗಸರು

ಶುಗರ್ ಬಂದಿದೆ ಎಂದು ಗೊತ್ತಾದ ದಿನ ನಾವಿಬ್ಬರೂ ನಕ್ಕಿದ್ದೆವು. ಶಹಾಪುರದ ಒಂದು ದವಾಖಾನೆಯ ಹೊರಗೆ, ಬೇವಿನ ಮರದ ಕಟ್ಟೆಯ ಮೇಲೆ ಕುಳಿತಿದ್ದೆವು. ನನ್ನ ಕೈಯಲ್ಲಿ ನನ್ನ ಚೀಟಿ, ನೀಲಕ್ಕನ ಕೈಯಲ್ಲಿ ಅವಳದು. ನಾನು ಹತ್ತನೆಯ ತರಗತಿಯವರೆಗೆ ಓದಿದವಳು, ಅವಳಿಗೆ ಓದಲು ಬರುತ್ತಿರಲಿಲ್ಲ. ಎರಡನ್ನೂ ನಾನೇ ಓದಿದೆ.

"ಯಾರ್ದು ಹೆಚ್ಚದ?" ಎಂದು ಕೇಳಿದಳು.

"ನಿಂದೇ ಹೆಚ್ಚದ, ಯಕ್ಕಾ."

"ಇರಬೇಕಲ್ಲ ಮತ್ತ. ಹಿರಿ ಸೊಸಿ ನಾ."

ನೀಲಕ್ಕ ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮ ಕಡೆ ನೆಗೆಣ್ಣಿ ಎನ್ನುತ್ತೇವೆ. ನಾನು ಮದುವೆಯಾಗಿ ಬಂದ ದಿನ ಹೊಸಿಲ ಒಳಗೆ ಕೈ ಹಿಡಿದು ಕರೆದುಕೊಂಡವಳು ಅವಳು. ಆಮೇಲೆ ಒಂದೇ ಒಲೆಯ ಮುಂದೆ ಇಬ್ಬರೂ ದಪ್ಪಗಾದೆವು, ಇಬ್ಬರ ಕೂದಲೂ ಬೆಳ್ಳಗಾಯಿತು. ಆ ದಿನ ದವಾಖಾನೆಗೆ ಹೋಗಿದ್ದು ಅವಳಿಗಾಗಿ. ಕಾಲಿನ ಹೆಬ್ಬೆರಳಿನ ಗಾಯ ಮಾಯುತ್ತಿರಲಿಲ್ಲ. ಜೊತೆಗೆ ಹೋಗಿದ್ದ ನನ್ನ ಗಾತ್ರ ನೋಡಿ ಡಾಕ್ಟರು, "ನಿಮ್ದೂ ಒಮ್ಮೆ ನೋಡಿಬಿಡೋಣ್ರಿ" ಎಂದರು.

ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ತೆಗೆದರು. ಊಟ ಮಾಡಿ ಬನ್ನಿ, ಮತ್ತೊಮ್ಮೆ ತೆಗೆಯುತ್ತೇವೆ ಎಂದರು. ಹೋಟೆಲಿನಲ್ಲಿ ಇಡ್ಲಿ ತಿಂದು ಬಂದು, ಎರಡನೆಯ ಸಲವೂ ರಕ್ತ ಕೊಟ್ಟು, ಚೀಟಿ ತೆಗೆದುಕೊಂಡು ಡಾಕ್ಟರು ಕರೆಯುವವರೆಗೆ ಕಟ್ಟೆಯ ಮೇಲೆ ಕಾಯುತ್ತ ಕುಳಿತೆವು. ಪಕ್ಕದಲ್ಲಿ ರಂಗಂಪೇಟೆಯ ಒಬ್ಬ ಅಜ್ಜಿ ಕುಳಿತಿದ್ದಳು, ಕಣ್ಣು ಮಂಜಾಗಿತ್ತು. "ಮೊದಲ ಕಾಲು ಹಿಡೀತದ, ಆಮ್ಯಾಲ ಕಣ್ಣು" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಹೆದರಿಸಬೇಕೆಂದು ಅಂದದ್ದಲ್ಲ. ಆದರೂ ನನ್ನ ಕೈಯಲ್ಲಿದ್ದ ಚೀಟಿ ಬೆವರಿಗೆ ಮೆತ್ತಗಾಯಿತು. ಆ ಭಯವನ್ನು ಮುಚ್ಚಿಕೊಳ್ಳಲು ನಾವು ನಕ್ಕಿದ್ದು ಎಂದು ಈಗ ತಿಳಿಯುತ್ತದೆ.

ನಾನು ಯಾದಗಿರಿ ಪಕ್ಕದ ಮುದನಾಳದವಳು. ತವರಿನಲ್ಲಿ ಎರಡು ಹೊತ್ತೂ ಜೋಳದ ರೊಟ್ಟಿ, ಪುಂಡಿ ಪಲ್ಯ. ಅನ್ನ ಹಬ್ಬಕ್ಕೆ ಮಾತ್ರ. ನಾನು ಕೆಂಭಾವಿ ಕಡೆಯ ಈ ಊರಿಗೆ ಬರುವ ಹೊತ್ತಿಗೆ ಕಾಲುವೆಗೆ ನೀರು ಬಂದಿತ್ತು, ಜೋಳದ ಹೊಲಗಳು ಭತ್ತದ ಗದ್ದೆಗಳಾಗಿದ್ದವು. ಗಂಡನ ಮನೆಯಲ್ಲಿ ಮುಂಜಾನೆ ಅನ್ನ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಮನೆಯದೇ ಅಕ್ಕಿ ಎಂಬ ಹೆಮ್ಮೆ ಬೇರೆ. ತವರಿಗೆ ಹೋದಾಗ ಅವ್ವ ನನ್ನ ತೋಳು ಮುಟ್ಟಿ ನೋಡಿ, ಮಗಳಿಗೆ ಒಳ್ಳೆಯ ಮನೆ ಸಿಕ್ಕಿದೆ ಎಂದು ಸಂತೋಷಪಡುತ್ತಿದ್ದಳು.

ನಾನು ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ಹೆಂಗಸರಿಗೆ ಜಂಪರ್, ಅಂದರೆ ರವಿಕೆ, ಹೊಲಿಯುತ್ತೇನೆ. ದಿನವೆಲ್ಲ ಕುಳಿತೇ ಕೆಲಸ. ಬೇರೆಯವರ ಸೊಂಟಕ್ಕೆ, ತೋಳಿಗೆ ಟೇಪು ಹಿಡಿಯುವವಳು ನನ್ನದನ್ನು ಅಳೆಯುವುದನ್ನು ಎಂದೋ ಬಿಟ್ಟಿದ್ದೆ. ಹಳೆಯ ಜಂಪರು ಬಿಗಿಯಾದರೆ ಸುಮ್ಮನೆ ಹೊಲಿಗೆ ಬಿಚ್ಚುವುದು, ಬಿಚ್ಚಲು ಬಟ್ಟೆ ಉಳಿಯದಿದ್ದರೆ ಹೊಸದು ಹೊಲಿದುಕೊಳ್ಳುವುದು. ಮದುವೆ ಮನೆಗಳಲ್ಲಿ ನೆಲದ ಪಂಕ್ತಿಯಲ್ಲಿ ಕೂರುವುದನ್ನು ತಪ್ಪಿಸಿಕೊಳ್ಳುತ್ತಿದ್ದೆ. ಏಳುವಾಗ ಯಾರಾದರೂ ಕೈ ಕೊಡಬೇಕಾಗುತ್ತಿತ್ತು, ಅದನ್ನು ನಾಲ್ಕು ಜನ ನೋಡುತ್ತಿದ್ದರು.

ಡಾಕ್ಟರು ಗುಳಿಗೆ ಬರೆದುಕೊಟ್ಟು, ದಿನಾ ನಡೆಯಬೇಕು, ಆಗುವುದಾದರೆ ಮೆಲ್ಲಗೆ ಓಡಿ ಎಂದಿದ್ದರು. ನಡೆಯುವ ಬದಲು ಓಡೋಣ ಎಂದು ತೀರ್ಮಾನಿಸಿದವಳು ನೀಲಕ್ಕ.

"ನಡದ್ರ ಹತ್ತು ಮಂದಿ ನಿಂದರಸಿ ಮಾತಾಡಸ್ತಾರ. ಎಲ್ಲಿಗೆ ಹೊಂಟೀರಿ, ಮಗಳು ಹ್ಯಾಂಗದಾಳ, ಅಕ್ಕಿ ಮಾರಿದ್ರೇನು ಅಂತ. ಓಡೋರನ್ನ ಯಾರು ಕೇಳ್ತಾರ ಹೇಳು?"

"ನಮ್ಮನ್ನ ನೋಡಿ ನಗ್ತಾರ, ಯಕ್ಕಾ."

"ನಗಲಿ ಬಿಡು. ನಗೋ ಮಂದಿ ದೂರ ಇರ್ತಾರ."

ಮನೆಯಲ್ಲಿ ಹೇಳಿದಾಗ ನನ್ನ ಗಂಡ ತಟ್ಟೆಯಿಂದ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದ. "ದಂಡಿ ಕುಸಿದ್ರ ನೀರಾವರಿಯೋರು ನನ್ನ ಕೇಳ್ತಾರ" ಎಂದ. ಅತ್ತೆ, "ಸೊಸೆಂದ್ರು ಓಡ್ತಾರಂದ್ರ ಮನ್ಯಾಗ ಹೊಡದಾರ ಅಂತ ತಿಳ್ಕೋತಾರ ಮಂದಿ" ಎಂದಳು. ನೀಲಕ್ಕನ ಗಂಡ, ನನ್ನ ಭಾವನವರು, ಏನೂ ಅನ್ನಲಿಲ್ಲ. ನಮ್ಮ ಮನೆಗಳಲ್ಲಿ ತಮ್ಮನ ಹೆಂಡತಿಯೊಡನೆ ಭಾವ ನೇರ ಮಾತಾಡುವುದಿಲ್ಲ. ಅವರು ಬಂದರೆ ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದೆ. ಅವರಿಗೆ ಚಹಾ ಬೇಕಾದರೆ ನೀಲಕ್ಕನಿಗೆ ಹೇಳುತ್ತಿದ್ದರು, ಸಕ್ಕರೆ ಎಷ್ಟು ಎಂದು ನಾನು ನೀಲಕ್ಕನನ್ನೇ ಕೇಳುತ್ತಿದ್ದೆ. ಅವರು ಅಲ್ಲೇ ಎದುರಿಗೆ ಕುಳಿತಿರುತ್ತಿದ್ದರು. ಇಷ್ಟು ವರ್ಷ ನಮ್ಮಿಬ್ಬರ ಮಾತೆಲ್ಲ ಅವಳ ಬಾಯಿಂದಲೇ ಹೋಗಿ ಬಂದಿದೆ.

ಬೂಟು ಬೇಕಲ್ಲ. ಇಬ್ಬರ ಪಾದಕ್ಕೂ ನನ್ನ ಟೇಪು ಹಿಡಿದು ಅಳತೆ ತೆಗೆದುಕೊಂಡು ಕೆಂಭಾವಿ ಸಂತೆಗೆ ಹೋದೆ. ಹೆಂಗಸರ ಬೂಟುಗಳಲ್ಲಿ ನಮ್ಮ ಕಾಲು ಹಿಡಿಯುವಂಥದು ಇರಲಿಲ್ಲ. ಗಂಡಸರ ಬಿಳಿ ಬಟ್ಟೆ ಬೂಟು ತೆಗೆದುಕೊಂಡೆ. ಅಂಗಡಿಯವನು, "ಯಾರಿಗ್ರಿ ಯಕ್ಕಾ?" ಎಂದ. "ಮನ್ಯಾಗ ಗಂಡಸರಿಗೆ" ಎಂದೆ. ಆ ಸುಳ್ಳನ್ನು ನೀಲಕ್ಕನಿಗೆ ಹೇಳಿದಾಗ, ಇನ್ನು ಮೇಲೆ ತನ್ನನ್ನು ಭಾವ ಎಂದು ಕರೆಯಬೇಕು, ತನ್ನ ಮುಂದೆ ಸೆರಗು ಎಳೆದುಕೊಳ್ಳಬೇಕು ಎಂದು ದಿನವೆಲ್ಲ ಕಾಡಿದಳು.

ಮೊದಲ ಮುಂಜಾನೆ ಕಾಲುವೆ ದಂಡೆಗೆ ಹೋದೆವು. ಊರು ಬಿಟ್ಟರೆ ಸಪಾಟಾದ ದಾರಿ ಎಂದರೆ ಅದೊಂದೇ. ಒಂದು ಬದಿ ತುಂಬಿದ ಕಾಲುವೆ, ಇನ್ನೊಂದು ಬದಿ ಕೆಳಗೆ ಗದ್ದೆಗಳು. ಸೀರೆಯನ್ನು ಮೇಲೆತ್ತಿ ಸಿಕ್ಕಿಸಿಕೊಂಡು ಒಂದು ವಿದ್ಯುತ್ ಕಂಬದಿಂದ ಮುಂದಿನ ಕಂಬದವರೆಗೆ ಓಡುವುದು, ಆಮೇಲೆ ನಡೆಯುವುದು ಎಂದು ಮಾತಾಗಿತ್ತು. ಮೊದಲ ಕಂಬ ಮುಟ್ಟುವುದರೊಳಗೆ ನನ್ನ ಎದೆ ಕಿವಿಯಲ್ಲಿ ಹೊಡೆದುಕೊಳ್ಳತೊಡಗಿತು. ಮೈಯ ಒಂದೊಂದು ಭಾಗವೂ ಬೇರೆಬೇರೆಯಾಗಿ ಕುಣಿಯುತ್ತಿದೆ, ಲೋಕವೆಲ್ಲ ಅದನ್ನೇ ನೋಡುತ್ತಿದೆ ಎನಿಸಿತು.

ಅಷ್ಟರಲ್ಲಿ ಕೆಳಗಿನ ಗದ್ದೆಯಿಂದ ಕೂಗು ಕೇಳಿತು. ಒಬ್ಬ ಹಗ್ಗ ಹಿಡಿದು ದಂಡೆ ಹತ್ತಿ ಬಂದ. ಅವನ ಹಿಂದೆ ಕೋಲು ಹಿಡಿದು ಮತ್ತಿಬ್ಬರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೋಪು ಬಿಟ್ಟು ಓಡಿಬಂದರು.

"ಎಲ್ಲಿ ಬಿದ್ದಾರ? ಯಾರು ಬಿದ್ದಾರವ್ವ?"

ಕಾಲುವೆ ಊರಿನವರಿಗೆ ಇದು ತಿಳಿಯುತ್ತದೆ. ದಂಡೆಯ ಮೇಲೆ ಹೆಂಗಸೊಬ್ಬಳು ಓಡಿದಳೆಂದರೆ ನೀರಿಗೆ ಯಾರೋ ಬಿದ್ದಿದ್ದಾರೆ ಎಂದೇ. ಮಗುವೋ, ಎಮ್ಮೆಯೋ, ಕೊಡ ತುಂಬಲು ಹೋದ ಸೊಸೆಯೋ. ಬೇರೆ ಕಾರಣಕ್ಕೆ ಅಲ್ಲಿ ಯಾರೂ ಓಡಿದ್ದಿಲ್ಲ. ನನಗೆ ಉಸಿರೇ ಇರಲಿಲ್ಲ, ಸುಮ್ಮನೆ ಕೈಯಾಡಿಸಿದೆ. ಅವರು ನಾನು ತೋರಿಸಿದ ಕಡೆ ನೀರು ನೋಡಿದರು.

ನೀಲಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು, ನಿಂತು ನಿಂತು ಹೇಳಿದಳು. "ಯಾರೂ ಬಿದ್ದಿಲ್ರಿ. ಶುಗರ್ ಬಂದದ. ಡಾಕ್ಟರು ಓಡು ಅಂದಾರ."

ಹಗ್ಗ ಹಿಡಿದಿದ್ದವನು ಮುಖ ಒರೆಸಿಕೊಂಡು, "ಡಾಕ್ಟರಿಗೆ ಹೇಳ್ರಿ ಯಕ್ಕಾ, ನಮಗೂ ಗುಳಿಗಿ ಬರೀಲಿ. ಎದಿ ಒಡಿಯೋದೊಂದು ಬಾಕಿ" ಎಂದ.

ಅಂದು ಮನೆಗೆ ಬಂದು ಬೂಟುಗಳನ್ನು ಮಂಚದ ಕೆಳಗೆ ಎಸೆದೆ. ಇನ್ನು ಹೋಗುವುದಿಲ್ಲ ಎಂದೆ. ನೀಲಕ್ಕ ಸಂಜೆ ತಾನೊಬ್ಬಳೇ ಹೊರಟು, ದಂಡೆಗೆ ಹೊಂದಿದ ಗದ್ದೆಯವರೆಲ್ಲರ ಮನೆಗೆ ಹೋಗಿ ಹೇಳಿ ಬಂದಳು. ನಾವು ಓಡುವುದು ಕಂಡರೆ ಅಂಜಬೇಡಿ, ಕೆಲಸ ಬಿಟ್ಟು ಬರಬೇಡಿ, ಏನೂ ಆಗಿರುವುದಿಲ್ಲ ಎಂದು. ನನಗೆ ನಾಚಿಕೆಯಾಗಬಾರದೆಂದು ಮಾಡಿದ ಕೆಲಸ ಅದು. ಅದರಷ್ಟು ನನ್ನನ್ನು ಕಾಡುವುದು ಇನ್ನೊಂದಿಲ್ಲ.

ಜನ ಒಗ್ಗಿಕೊಂಡರು. ಕೆಲ ದಿನ ನಕ್ಕರು, ಕೆಲ ದಿನ ಅಣಕಿಸಿದರು. "ಗಾಡಿ ಬಂತು, ದಾರಿ ಬಿಡ್ರಿ" ಎನ್ನುವವರಿದ್ದರು. ಆಮೇಲೆ ಬಗ್ಗಿದಲ್ಲಿಂದಲೇ ಒಂದು ಕೈ ಎತ್ತಿ ಬೀಸಿ ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದರು. ನಾವೂ ಕೈ ಬೀಸಿ ಮುಂದೆ ಹೋಗುತ್ತಿದ್ದೆವು. ಮೊದಲು ಒಂದು ಕಂಬ, ಆಮೇಲೆ ಎರಡು, ಮುಂದೊಂದು ದಿನ ಊರಿನ ಸೇತುವೆಯಿಂದ ಗದ್ದೆಗೆ ನೀರು ಬಿಡುವ ತೂಬಿನವರೆಗೂ ನಿಲ್ಲದೆ ಓಡಿದೆವು. ನಾನು ಮುಂದೆ, ನೀಲಕ್ಕ ನಾಲ್ಕು ಹೆಜ್ಜೆ ಹಿಂದೆ. ಅವಳ ಬಳೆಯ ಸದ್ದು, ಬುಸುಗುಟ್ಟುವ ಉಸಿರು ನನ್ನ ಬೆನ್ನಿಗೆ ಇರುತ್ತಿತ್ತು. ತೂಬಿನ ಕಟ್ಟೆಯ ಮೇಲೆ ಕುಳಿತು ನೀರು ನೋಡುತ್ತಿದ್ದೆವು. ಮನೆಯಲ್ಲಿ ನಮಗೆ ಹಾಗೆ ಕುಳಿತುಕೊಳ್ಳುವ ಹೊತ್ತು ಇರಲಿಲ್ಲ. ಅವಳಿಗೆ ಚಿಕ್ಕಂದಿನಲ್ಲಿ ಈಜು ಬರುತ್ತಿತ್ತು ಎಂಬುದು ನನಗೆ ಗೊತ್ತಾದದ್ದು ಅಲ್ಲಿ. ಅವಳ ಅಪ್ಪ ಕೃಷ್ಣೆಯಲ್ಲಿ ಮೀನು ಹಿಡಿಯುತ್ತಿದ್ದನಂತೆ. ಮದುವೆಯಾದ ಮೇಲೆ ನೀರಿಗೆ ಇಳಿದೇ ಇಲ್ಲ ಎಂದಳು.

ಅವಳ ಗಾಯ ಮಾಯಿತು. ಚೀಟಿಯಲ್ಲಿ ಅಂಕಿ ಇಳಿಯಿತು. ಇಬ್ಬರ ಜಂಪರುಗಳನ್ನೂ ಎರಡು ಬದಿ ಒಳಗೆ ಹಿಡಿದು ಹೊಲಿದೆ. ನನ್ನ ಜೀವಮಾನದಲ್ಲಿ ಹೊಲಿಗೆ ಒಳಗೆ ಹಿಡಿದದ್ದು ಅದೇ ಮೊದಲು.

ಶ್ರಾವಣ ಬಂತು. ಶ್ರಾವಣ ಸೋಮವಾರ ನಮ್ಮ ಮನೆಯಲ್ಲಿ ಹೆಂಗಸರು ಉಪವಾಸ ಇರುತ್ತಾರೆ. ಮುಂಜಾನೆಯಿಂದ ಏನೂ ತಿನ್ನದೆ, ಸಂಜೆ ದೀಪ ಹಚ್ಚಿ ಪೂಜೆಯಾದ ಮೇಲೆ ಊಟ. ಮುಂಜಾನೆ ಮನೆ ಸಾರಿಸುವುದು, ಗುಡಿಗೆ ಹೋಗುವುದು ಇದ್ದದ್ದರಿಂದ ಅಂದು ಓಟವನ್ನು ಸಂಜೆಗೆ ಹಾಕಿಕೊಂಡಿದ್ದೆವು. ನೀಲಕ್ಕ ಮುಂಜಾನೆ ಎಂದಿನಂತೆ ಗುಳಿಗೆ ನುಂಗಿದ್ದಳು. "ಗುಳಿಗಿ ಔಷಧ ಅಲ್ಲೇನು, ಅದಕ್ಕ ಉಪವಾಸ ಮುರಿಯಂಗಿಲ್ಲ" ಎಂದಿದ್ದಳು. ನನ್ನವು ಮುಗಿದಿದ್ದವು, ಮರುದಿನ ಶಹಾಪುರದಿಂದ ತರಬೇಕಿತ್ತು. ನಮ್ಮಿಬ್ಬರ ನಡುವೆ ಅಂದು ಇದ್ದ ವ್ಯತ್ಯಾಸ ಅಷ್ಟೇ.

ಭತ್ತ ಹಚ್ಚುವ ದಿನಗಳು. ಗದ್ದೆಗಳ ತುಂಬ ಜನ, ಟ್ರ್ಯಾಕ್ಟರುಗಳ ಸದ್ದು. ತೂಬು ಇನ್ನೂ ದೂರವಿರುವಾಗಲೇ ಬೆನ್ನ ಹಿಂದಿನ ಬಳೆ ಸದ್ದು ನಿಂತಿತು. ತಿರುಗಿ ನೋಡಿದರೆ ದಂಡೆಯ ಕಲ್ಲಿನ ಮೇಲೆ ಕುಳಿತಿದ್ದಾಳೆ. ಜಂಪರು ಬೆವರಿಗೆ ಒದ್ದೆಮುದ್ದೆಯಾಗಿತ್ತು, ಕೈ ನಡುಗುತ್ತಿತ್ತು. ನನ್ನ ಮುಖ ನೋಡಿ, "ಅವ್ವ ಬಂದಾಳೇನು?" ಎಂದು ಕೇಳಿದಳು. ಅವಳ ಅವ್ವ ತೀರಿ ಬಹಳ ವರ್ಷವಾಗಿತ್ತು.

ಕುಡಿಯಲು ಕಾಲುವೆಯ ನೀರು ಬೊಗಸೆಯಲ್ಲಿ ತಂದೆ. ಕುಡಿಯಲಿಲ್ಲ. ಪಕ್ಕಕ್ಕೆ ಒರಗಿದಳು. ನೀರಿನ ಕಡೆ ಉರುಳದಂತೆ ಅವಳನ್ನು ಎಳೆದು ಮಲಗಿಸಿ, ನಾನು ಊರ ಕಡೆ ಓಡಿದೆ.

ಅಷ್ಟು ಜೋರಾಗಿ ನಾನು ಎಂದೂ ಓಡಿರಲಿಲ್ಲ. ಕೂಗಲು ನೋಡಿದೆ, ಬಾಯಿಂದ ಗಾಳಿಯಷ್ಟೇ ಬಂತು. ಟ್ರ್ಯಾಕ್ಟರಿನ ಸದ್ದಿನಲ್ಲಿ ಅದೂ ಮುಳುಗಿತು. ಕೈ ಎತ್ತಿ ಬೀಸಿದೆ. ಗದ್ದೆಯಲ್ಲಿದ್ದವರು ಕೈ ಎತ್ತಿ ಬೀಸಿದರು. ಎರಡೂ ಕೈ ಎತ್ತಿದೆ. ಸಸಿ ಹಚ್ಚುತ್ತಿದ್ದ ಹೆಂಗಸೊಬ್ಬಳು ನಗುತ್ತ ತಾನೂ ಎರಡು ಕೈ ಎತ್ತಿದಳು. "ಇವತ್ತು ಜೋರದಲ್ಲ ಯಕ್ಕಾ" ಎಂದು ಯಾರೋ ಕೂಗಿದರು. ಹಗ್ಗ ಹಿಡಿದು ಬಂದಿದ್ದನಲ್ಲ, ಅವನೂ ಅಲ್ಲೇ ಇದ್ದ. ಅವನೂ ಕೈ ಬೀಸಿದ. ದಂಡೆ ಇಳಿದು ಅವರ ಹತ್ತಿರ ಹೋಗಬೇಕೆಂದು ನನಗೆ ಹೊಳೆಯಲಿಲ್ಲ. ಕಾಲು ದಿನಾ ಓಡುವ ದಾರಿಯಲ್ಲೇ ಓಡುತ್ತಿತ್ತು.

ಸೇತುವೆಯ ಹತ್ತಿರ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಒಬ್ಬ ತೆಲುಗು ರೈತ ಮೋಟಾರ್ ಸೈಕಲ್ಲಿನಲ್ಲಿ ಎದುರಾದ. ಅವನಿಗೆ ನಮ್ಮ ಓಟದ ಸುದ್ದಿ ಗೊತ್ತಿರಲಿಲ್ಲ. ಅದರಿಂದಲೇ ಗಾಡಿ ನಿಲ್ಲಿಸಿ, "ಏಮೈಂದಮ್ಮಾ, ಏನಾಯ್ತು?" ಎಂದು ಕೇಳಿದ.

ಅವನೇ ಗದ್ದೆಯವರನ್ನು ಕೂಗಿ ಕರೆದ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಅವಳನ್ನು ನನ್ನ ತೊಡೆಯ ಮೇಲೆ ಮಲಗಿಸಿಕೊಂಡು ಸೇತುವೆಗೆ ತಂದೆವು. ಶಹಾಪುರಕ್ಕೆ ಒಯ್ಯಲು ಜೀಪು ಬರುವವರೆಗೆ ಅಲ್ಲಿ ಕಾದೆವು. ಇನ್ನೂ ಅರೆಎಚ್ಚರವಿತ್ತು, ತುಟಿ ಆಡುತ್ತಿತ್ತು. ಚಹಾದ ಅಂಗಡಿಯವನು ಸಕ್ಕರೆ ಹಾಕಿದ ಚಹಾ ತಂದ. ನೆರೆದ ಹೆಂಗಸರಲ್ಲಿ ಹಿರಿಯಳೊಬ್ಬಳು, "ಶುಗರ್ ಇದ್ದಾಕಿ ಆಕಿ. ಸಕ್ಕರಿ ಹಾಕಿದ್ದು ಕೊಡಬ್ಯಾಡಪ್ಪ" ಎಂದಳು. ಅವನು ಲೋಟ ಹಿಂದಕ್ಕೆ ತೆಗೆದುಕೊಂಡ. ನನಗೂ ಅದೇ ಸರಿ ಎನಿಸಿತ್ತು.

ಶಹಾಪುರದಲ್ಲಿ ರಕ್ತ ನೋಡಿ ಓಡೋಡಿ ಬಾಟಲಿ ಹಚ್ಚಿದರು. ಸಕ್ಕರೆ ಪೂರ್ತಿ ಇಳಿದುಹೋಗಿದೆ ಎಂದರು. ಏರುವುದನ್ನಷ್ಟೇ ರೋಗ ಎಂದುಕೊಂಡಿದ್ದ ನಮಗೆ ಆ ಮಾತು ಅರ್ಥವಾಗಲಿಲ್ಲ. ಡಾಕ್ಟರು ಭಾವನವರನ್ನು ಕೂರಿಸಿಕೊಂಡು ಗುಳಿಗೆ ನುಂಗಿ ಉಪವಾಸ ಇದ್ದುದರಿಂದ ಹೀಗಾಯಿತೆಂದು ಸಮಾಧಾನದಿಂದ ತಿಳಿಸಿ ಹೇಳಿದರು. ಅಲ್ಲಿಂದ ಕಲಬುರಗಿಗೆ ಕಳಿಸಿದರು. ಒಳಗೆ ಒಬ್ಬರನ್ನೇ ಬಿಡುತ್ತಿದ್ದರು. ನಾನು ಹೊರಗಿನ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕುಳಿತೆ. ಎದುರಿನ ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಒಬ್ಬ ನರ್ಸು, ಊರು ಎಲ್ಲಿಯದೋ, ದಿನಾ ತನ್ನ ಡಬ್ಬಿಯಿಂದ ಒಂದು ರೊಟ್ಟಿ ನನಗೆ ಕೊಡುತ್ತಿದ್ದಳು. ನನ್ನ ಗುಳಿಗೆ ನುಂಗಿದೆನೋ ಇಲ್ಲವೋ ಎಂದು ಆ ದಿನಗಳಲ್ಲಿ ಕೇಳಿದವಳು ಅವಳೊಬ್ಬಳೇ. ನೀಲಕ್ಕ ಕಣ್ಣು ತೆರೆಯಲಿಲ್ಲ. ಶ್ರಾವಣ ಮುಗಿಯುವ ಮೊದಲೇ ತೀರಿಕೊಂಡಳು.

ಶುಗರ್ ಇದ್ದು ಉಪವಾಸ ಮಾಡುವವರು ಇದನ್ನು ಓದುತ್ತಿದ್ದರೆ, ಗುಳಿಗೆಯ ವಿಷಯ ನಿಮ್ಮ ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ. ಬೆವರು ಬಿಟ್ಟು ಕೈ ನಡುಗಿದರೆ, ನುಂಗುವ ಎಚ್ಚರ ಇರುವಾಗಲೇ ಬಾಯಿಗೆ ಒಂದು ಚೂರು ಬೆಲ್ಲ ಹಾಕಿಕೊಳ್ಳಿ. ನಮ್ಮ ಮನೆಯ ದೇವರ ಮುಂದೆ ಅಂದು ಅಚ್ಚುಬೆಲ್ಲವೇ ಇತ್ತು, ಸಂಜೆಯ ನೈವೇದ್ಯಕ್ಕೆ ಇಟ್ಟಿದ್ದು.

ಆಮೇಲೆ ನಾನು ಓಡಲಿಲ್ಲ. ಓಡಬೇಡ ಎಂದು ಅತ್ತೆ ಹೇಳುವ ಅಗತ್ಯವೂ ಇರಲಿಲ್ಲ. ಆದರೂ ದಿನಾ ಹೇಳುತ್ತಿದ್ದಳು. "ಓಡಿ ಓಡಿ ಒಬ್ಬಾಕಿ ಹೋದಳು. ಇನ್ನೊಬ್ಬಾಕಿ ಮನ್ಯಾಗರ ಕುಂದ್ರಲಿ." ನೀಲಕ್ಕನ ಬಟ್ಟೆ ಹಂಚುವಾಗ ಜಂಪರುಗಳು ಯಾರಿಗೂ ಸರಿಹೋಗಲಿಲ್ಲ, ನನ್ನ ಹತ್ತಿರವೇ ಉಳಿದವು. ಮನೆಯಲ್ಲಿ ಮಾತು ಕಡಿಮೆಯಾಯಿತು. ಭಾವನವರಿಗೆ ಚಹಾ ಬೇಕೋ ಬೇಡವೋ ಎಂದು ಯಾರ ಮೂಲಕ ಕೇಳಲಿ? ಲೋಟ ತಂದು ಕಟ್ಟೆಯ ಮೇಲಿಟ್ಟು ಸೆರಗು ಎಳೆದುಕೊಂಡು ಬರುತ್ತಿದ್ದೆ. ಒಮ್ಮೊಮ್ಮೆ ಕುಡಿಯುತ್ತಿದ್ದರು, ಒಮ್ಮೊಮ್ಮೆ ಹಾಗೇ ತಣ್ಣಗಾಗಿರುತ್ತಿತ್ತು.

ನನ್ನ ಜಂಪರುಗಳ ಹೊಲಿಗೆ ಮತ್ತೆ ಬಿಚ್ಚಿದೆ. ಬೇಸಿಗೆಯಲ್ಲಿ ಹಿಮ್ಮಡಿ ಒಡೆದು ಗಾಯವಾಯಿತು, ಮಾಯಲಿಲ್ಲ. ಶಹಾಪುರದ ಡಾಕ್ಟರು ಚೀಟಿ ನೋಡಿ, "ಹಿಂಗಾದ್ರ ಕಾಲು ಉಳಿಸಿಕೊಳ್ಳೋದು ಕಷ್ಟ ಆಗ್ತದ್ರಿ" ಎಂದರು. ಗಾಯ ಮಾಯಿದ ಮೇಲೆ ಮತ್ತೆ ಓಡಲು ಸುರುಮಾಡಿ ಎಂದರು. ಬೇವಿನ ಕಟ್ಟೆಯ ಮೇಲೆ ಒಬ್ಬಳೇ ಕುಳಿತು ಚೀಟಿ ಓದಿಕೊಂಡೆ. ಈಗ ನನ್ನದು ನೀಲಕ್ಕನದಕ್ಕಿಂತ ಹೆಚ್ಚಾಗಿತ್ತು.

ಮನೆಯಲ್ಲಿ ನನ್ನ ಗಂಡನಿಗೆ ಡಾಕ್ಟರ ಮಾತು ಹೇಳುವಾಗ ಭಾವನವರು ಹೊರಗಿನ ಕಟ್ಟೆಯ ಮೇಲಿದ್ದರು. ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಗಾಯ ಮಾಯಿದ ಮೇಲೆ ಒಂದು ಸಂಜೆ ಚಹಾ ಇಟ್ಟು ತಿರುಗಿದೆ.

"ಶಾಂತವ್ವ."

ನನ್ನ ಹೆಸರು ಅವರ ಬಾಯಿಂದ ಎಂದೂ ಕೇಳಿರಲಿಲ್ಲ. ಬೆನ್ನು ಹಾಕಿಯೇ ನಿಂತೆ. ಅವರೂ ಲೋಟ ನೋಡುತ್ತಲೇ ಮಾತಾಡಿದರು.

"ನಾಳಿಂದ ಓಡಾಕ ಹೋಗು. ದಂಡಿ ಮ್ಯಾಲ ಹೊಲ ಇದ್ದೋರಿಗೆಲ್ಲ ನಾ ಹೇಳಿ ಬಂದೀನಿ."

ಅತ್ತೆ ಒಳಗಿನಿಂದ, "ಒಬ್ಬಾಕಿ ಹೋಗಿದ್ದು ಸಾಲಲಿಲ್ಲೇನು ನಿನಗ?" ಎಂದಳು.

"ಆಕಿ ಓಡಿ ಸತ್ತಿಲ್ಲವ್ವ" ಎಂದರು. ಚಹಾ ಕುಡಿದು ಲೋಟವನ್ನು ತಾವೇ ಒಳಗೆ ತಂದಿಟ್ಟರು.

ಮರುದಿನ ಮುಂಜಾನೆ ಒಂದಿಷ್ಟು ತಿಂದು, ಸೊಂಟದಲ್ಲಿ ಬೆಲ್ಲದ ಚೂರು ಕಟ್ಟಿಕೊಂಡು ದಂಡೆಗೆ ಹೋದೆ. ಮೊದಲ ಕಂಬದ ಹೊತ್ತಿಗೆ ಎದೆ ಹೊಡೆದುಕೊಂಡಿತು, ಸುರುವಾದ ದಿನದ ಹಾಗೆಯೇ. ಕೆಳಗಿನ ಗದ್ದೆಯಲ್ಲಿ ಹಗ್ಗದವನು ನೇರ ನಿಂತ. ಕೈ ಬೀಸಲಿಲ್ಲ.

"ಯಕ್ಕಾ, ಆರಾಮ ಅದೀರೇನ್ರಿ?" ಎಂದು ಕೇಳಿದ.

"ಆರಾಮ ಅದೀನಪ್ಪ" ಎಂದೆ. ನನ್ನ ಉತ್ತರ ಕೇಳುವವರೆಗೂ ಅವನು ಬಗ್ಗಲಿಲ್ಲ. ಮುಂದಿನ ಗದ್ದೆಯಲ್ಲಿ, ಅಂದು ಎರಡು ಕೈ ಎತ್ತಿದ್ದ ಹೆಂಗಸು ಬದುವಿಗೆ ಬಂದು ನಿಂತು ಅದನ್ನೇ ಕೇಳಿದಳು. ಕೇಳುವಾಗ ಅವಳ ಮುಖ ನೆಲ ನೋಡುತ್ತಿತ್ತು. ಅದರ ಮುಂದಿನವರೂ ಕೇಳಿದರು. ಭಾವನವರು ಅವರಿಗೆಲ್ಲ ಹೇಳಿದ್ದು ಇಷ್ಟಂತೆ: ಆಕೆ ಓಡುವುದು ಕಂಡರೆ ಬಾಯಿಬಿಟ್ಟು ಕೇಳಿ, ಉತ್ತರ ಬರದಿದ್ದರೆ ಕೆಲಸ ಬಿಟ್ಟು ಹೋಗಿ. ಉಸಿರಿಲ್ಲದ ಹೊತ್ತಿನಲ್ಲಿ ಇಷ್ಟು ಜನರಿಗೆ ಉತ್ತರ ಕೊಡುವುದು ಓಡುವುದಕ್ಕಿಂತ ಕಷ್ಟ. ಆದರೂ ಒಬ್ಬರನ್ನೂ ಬಿಡದೆ ಹೇಳುತ್ತೇನೆ.

ತೂಬಿನ ಹತ್ತಿರದ ಗದ್ದೆ ನಮ್ಮದು. ಭಾವನವರು ಅಲ್ಲಿ ನೀರು ತಿರುವುತ್ತಿರುತ್ತಾರೆ. ಅವರು ಮಾತ್ರ ಏನೂ ಕೇಳುವುದಿಲ್ಲ. ನಾನು ಬರುವುದು ಕಂಡಾಗ ಸಲಿಕೆ ಊರಿ ನಿಲ್ಲುತ್ತಾರೆ. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಅವರನ್ನು ದಾಟುತ್ತೇನೆ. ನಾನು ದಾಟಿ ಹೋದ ಮೇಲೂ ಅವರು ತಕ್ಷಣ ಬಗ್ಗುವುದಿಲ್ಲ. ನನ್ನ ಹಿಂದೆ ನೀಲಕ್ಕ ಇರುತ್ತಿದ್ದ ಆ ನಾಲ್ಕು ಹೆಜ್ಜೆಯಷ್ಟು ಹೊತ್ತು, ನಾನು ಬಂದ ದಾರಿಯನ್ನು ನೋಡುತ್ತ ನಿಲ್ಲುತ್ತಾರೆ.